ಮನೇಲಿ ಇರೋಳು ನಾನು, ನೋಡೋರು ನೀವಿಬ್ರಾ?

ಹೊಸ ನಗರದಲ್ಲಿ ಕೆಲಸ ಸಿಕ್ಕಿದ್ದು ನನಗೆ. ಹೊರಡಬೇಕಾದವರು ಮಾತ್ರ ಐದು ಜನ. ನಾನು, ಮನೆಯಿಂದಲೇ ಕೆಲಸ ಮಾಡುವ ನನ್ನ ಗಂಡ, ಹನ್ನೆರಡು ವರ್ಷದ ಮಗಳು, ನಾಲ್ಕು ವರ್ಷದ ಮಗ, ಆಮೇಲೆ ಅತ್ತೆ. ಅತ್ತೆಗೆ ಎಪ್ಪತ್ತೊಂದು. ಎರಡೂ ಮೊಣಕಾಲು ನೋವು, ವಾರಕ್ಕೆ ಎರಡು ಸಲ ಫಿಸಿಯೋಥೆರಪಿ. ಕೆಲಸಕ್ಕೆ ಸೇರಲು ಹತ್ತು ವಾರ ಕೊಟ್ಟಿದ್ದರು. ಆ ನಗರದಲ್ಲಿ ನಮಗೆ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ನಗರದ ನಡುವೆ ಐದು ಜನ ಹಿಡಿಸುವ ಮನೆಯ ಬಾಡಿಗೆ ನಮ್ಮ ಕೈಗೆ ಎಟುಕುವ ಮಾತಲ್ಲ. ಹಾಗಾಗಿ ಉಪನಗರ ಅನ್ನೋದು ತಾನಾಗಿಯೇ ತೀರ್ಮಾನ ಆಗಿತ್ತು. ಯಾವ ಉಪನಗರ ಅನ್ನೋದಕ್ಕೆ ಜಗಳ ಶುರುವಾಯಿತು.

ನನ್ನದು ಲೆಕ್ಕಪತ್ರದ ಕೆಲಸ. ತಲೆಬಿಸಿ ಆದಾಗ ನಾನು ಮಾಡೋದು ಒಂದೇ: ಎಕ್ಸೆಲ್ ಶೀಟ್ ತೆರೆಯುವುದು. ಅವತ್ತೂ ತೆರೆದೆ. ಬಾಡಿಗೆ, ಮನೆಯ ಅಳತೆ, ಆಫೀಸಿಗೆ ದೂರ, ಸ್ಕೂಲ್ ರೇಟಿಂಗ್, ಅಪರಾಧದ ಅಂಕಿ, ಪಾರ್ಕು, ಹೀಗೆ ಹದಿನಾಲ್ಕು ಕಾಲಂ. ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಎರಡು ವಾರ ರಾತ್ರಿ ಕೂತು ಹನ್ನೊಂದು ಏರಿಯಾಗಳನ್ನು ಮೂರಕ್ಕೆ ಇಳಿಸಿದೆ. ಅವುಗಳ ಹೆಸರು ನಮ್ಮ ಬಾಯಿಗೆ ಹತ್ತಲಿಲ್ಲ. ಮಕ್ಕಳು ಫೋಟೋ ನೋಡಿ ಗುಡ್ಡ, ಕೆರೆ, ರೈಲು ಅಂತ ಅವರೇ ಹೆಸರಿಟ್ಟರು. ಗುಡ್ಡಕ್ಕೆ 82 ಅಂಕ, ಕೆರೆಗೆ 79, ರೈಲಿಗೆ 64. ರೈಲನ್ನು ಸುಮ್ನೆ ಲೆಕ್ಕಕ್ಕೆ ಇರಲಿ ಅಂತ ಇಟ್ಟುಕೊಂಡಿದ್ದೆ.

ಗುಡ್ಡದ ಮನೆಗೆ ಮೂರು ಮಲಗುವ ಕೋಣೆ, ಒಂದು ಓದುವ ಕೋಣೆ. ಬಾಡಿಗೆ ರೈಲು ಏರಿಯಾದ ಎರಡು ಕೋಣೆಯ ಮನೆಗಿಂತಲೂ ಕಡಿಮೆ. ಮ್ಯಾಪಿನಲ್ಲಿ ಆಫೀಸಿಗೆ 28 ನಿಮಿಷ. ಇಷ್ಟು ಒಳ್ಳೆ ಮನೆಯನ್ನು ಇನ್ನೂ ಯಾರೂ ಹಿಡಿದಿಲ್ಲ ಅಂದರೆ ನಮ್ಮ ಪುಣ್ಯ ಅಂದುಕೊಂಡೆ. ಯಾಕೆ ಹಿಡಿದಿಲ್ಲ ಅಂತ ಕೇಳಿಕೊಳ್ಳಬೇಕಿತ್ತು.

ನನ್ನ ಗಂಡ ಶೀಟ್ ನೋಡುತ್ತಾ, "ಈ 28 ನಿಮಿಷ ಎಷ್ಟು ಹೊತ್ತಿಗೆ ನೋಡಿದ್ದು?" ಅಂದರು.

ನೋಡಿದ್ದು ರಾತ್ರಿ ಹನ್ನೊಂದೂವರೆಗೆ! ಮಕ್ಕಳು ಮಲಗಿದ ಮೇಲೆ ತಾನೇ ನನಗೆ ಪುರುಸೊತ್ತು. ಮ್ಯಾಪಿನಲ್ಲಿ ಹೊರಡುವ ಸಮಯ ಬದಲಾಯಿಸುವ ಜಾಗ ಇರುತ್ತೆ. ಅಲ್ಲಿ ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ಅಂತ ಹಾಕಿದೆವು. 28 ಇದ್ದದ್ದು "45ರಿಂದ 80 ನಿಮಿಷ" ಆಯಿತು. ಇಂಥ ಕಡೆ ಎರಡನೇ ಸಂಖ್ಯೆಯನ್ನು ನಂಬಬೇಕು ಅಂತ ಈಗ ಹೇಳಬಲ್ಲೆ. ಮಗನನ್ನು ಕರೆದುಕೊಂಡು ಬರಲು ತಡವಾಗೋದು, ಮೀಟಿಂಗ್ ತಪ್ಪೋದು ಎಲ್ಲಾ ಆ ಎರಡನೇ ಸಂಖ್ಯೆಯ ದಿನವೇ.

ಲೆಕ್ಕ ಹಾಕಿದೆ. ಒಂದು ಕಡೆಗೆ 75 ನಿಮಿಷ ಅಂದರೆ ದಿನಕ್ಕೆ ಎರಡೂವರೆ ಗಂಟೆ. ವರ್ಷಕ್ಕೆ 230 ಕೆಲಸದ ದಿನ ಹಿಡಿದರೆ 575 ಗಂಟೆ. ಅಂದರೆ ಹಗಲು ರಾತ್ರಿ ಸೇರಿ 24 ದಿನ, ವರ್ಷದಲ್ಲಿ ಹತ್ತಿರ ಹತ್ತಿರ ಒಂದು ತಿಂಗಳು, ಸ್ಟೇರಿಂಗ್ ಹಿಡಿದುಕೊಂಡು ಕೂತಿರೋದು. ಚೆಸಾರೆ ಮಾರ್ಕೆಟ್ಟಿ ಅನ್ನುವ ಇಟಲಿಯ ಭೌತವಿಜ್ಞಾನಿ 1994ರಲ್ಲಿ ಬರೆದದ್ದನ್ನು ಹಿಂದೆ ಎಲ್ಲೋ ಓದಿದ್ದೆ. ನಡೆದೇ ಹೋಗಲಿ, ಗಾಡಿಯಲ್ಲೇ ಹೋಗಲಿ, ಮನುಷ್ಯರು ಓಡಾಟಕ್ಕೆ ಸರಾಸರಿ ದಿನಕ್ಕೆ ಒಂದು ಗಂಟೆಯ ಆಸುಪಾಸು ಕಳೆಯುತ್ತಾರೆ, ವಾಹನದ ವೇಗ ಜಾಸ್ತಿ ಆದಷ್ಟೂ ಊರು ಅಗಲವಾಗುತ್ತಾ ಹೋಗುತ್ತದೆ ಅಂತ. ನಾನು ಅದರ ಎರಡೂವರೆ ಪಟ್ಟಿಗೆ ಒಪ್ಪಿಕೊಳ್ಳಲು ಹೊರಟಿದ್ದೆ.

"ದೊಡ್ಡ ಮನೆ ಸಿಗುತ್ತಲ್ಲಾ ರೀ" ಅಂದೆ.

"ಆ ಓದುವ ಕೋಣೆಗೆ ನೀನು ದಿನಕ್ಕೆ ಒಂದೂವರೆ ಗಂಟೆ ಜಾಸ್ತಿ ಕೊಡ್ತಿದ್ದೀಯ. ಅಲ್ಲಿ ಕೂತು ಓದೋಕೆ ನೀನು ಮನೇಲೇ ಇರಲ್ವಲ್ಲ."

ಸ್ಟುಟ್ಸರ್ ಮತ್ತು ಫ್ರೈ ಅನ್ನುವ ಇಬ್ಬರು ಸ್ವಿಸ್ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಸಮೀಕ್ಷೆ ಇಟ್ಟುಕೊಂಡು ಇದನ್ನೇ ನೋಡಿದ್ದಾರೆ. ಅವರ ಲೇಖನ 2008ರದ್ದು. ದೂರ ಓಡಾಡುವವರಿಗೆ ಅದಕ್ಕೆ ತಕ್ಕಂತೆ ಒಳ್ಳೆ ಸಂಬಳವೋ ಒಳ್ಳೆ ಮನೆಯೋ ಸಿಕ್ಕಿ ಲೆಕ್ಕ ಸರಿಹೋಗಬೇಕಿತ್ತು, ಆದರೆ ಸರಿಹೋಗಿರಲಿಲ್ಲ. ಓಡಾಟ ಹೆಚ್ಚಿದಷ್ಟೂ ಬದುಕಿನ ಬಗ್ಗೆ ತೃಪ್ತಿ ಕಡಿಮೆಯೇ ಇತ್ತು. ಗಂಡನ ಮುಂದೆ ಇದನ್ನೆಲ್ಲಾ ಹೇಳಲಿಲ್ಲ. ಅವರು ಆಗಲೇ ಗೆದ್ದಾಗಿತ್ತು.

ಬಾಡಿಗೆ ಕಡಿಮೆ ಅನ್ನುವುದೂ ಪೂರ್ತಿ ನಿಜ ಅಲ್ಲ ಅಂತ ಆಮೇಲೆ ತಿಳಿಯಿತು. ಗುಡ್ಡದಲ್ಲಿ ಬಸ್ಸು ಗಂಟೆಗೊಂದು. ಕಾರನ್ನು ನಾನು ತೆಗೆದುಕೊಂಡು ಹೋದರೆ ಮನೆಯಲ್ಲಿ ಉಳಿದ ನಾಲ್ಕು ಜನ ಅಲ್ಲೇ. ಹಾಗಾಗಿ ಇನ್ನೊಂದು ಕಾರು. ಅದರ ಸಾಲ, ವಿಮೆ, ಪೆಟ್ರೋಲು, ರಿಪೇರಿ ಎಲ್ಲಾ ಬಾಡಿಗೆಯ ಪಕ್ಕದಲ್ಲಿ ಬರೆದರೆ ಗುಡ್ಡವೇ ಮೂರರಲ್ಲಿ ದುಬಾರಿ. ಶಿಕಾಗೋದ ಒಂದು ಸಂಸ್ಥೆ ಮನೆ ಖರ್ಚು ಮತ್ತು ಓಡಾಟದ ಖರ್ಚು ಎರಡನ್ನೂ ಕೂಡಿಸಿಯೇ ನೋಡುತ್ತದೆ, ಎರಡೂ ಸೇರಿ ಆದಾಯದ ಶೇಕಡಾ 45 ದಾಟಬಾರದು ಅನ್ನುವುದು ಅದರ ಅಳತೆಗೋಲು. ನಾನು ಎರಡನ್ನು ಬೇರೆ ಬೇರೆ ಕಾಲಂನಲ್ಲಿ ಇಟ್ಟು, ಕೂಡಿಸಿ ನೋಡಿರಲೇ ಇಲ್ಲ. ಲೆಕ್ಕಪತ್ರದವಳು ಬೇರೆ.

ಹೋಗಿ ನೋಡಿಕೊಂಡು ಬರೋಣ ಅಂತಾಯಿತು. ಶನಿವಾರದಿಂದ ಮಂಗಳವಾರದವರೆಗೆ ನಾಲ್ಕು ದಿನ. ಮಕ್ಕಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಹೋಗೋದು ಅಂತ ಟಿಕೆಟ್ ನೋಡುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ನಾನೂ ಬರ್ತೀನಿ."

"ಅಲ್ಲಿ ತುಂಬಾ ಓಡಾಟ ಅತ್ತೆ, ನಿಮಗೆ ಕಾಲು..."

"ಕಾಲು ಇರೋದಕ್ಕೇ ಬರ್ತೀನಿ ಅಂದಿದ್ದು. ನೀನು ಬೆಳಿಗ್ಗೆ ಹೋದ್ರೆ ಕತ್ತಲಿಗೆ ಬರ್ತೀಯ. ಅವನು ಬಾಗಿಲು ಹಾಕ್ಕೊಂಡು ಕಂಪ್ಯೂಟರ್ ಮುಂದೆ ಕೂರ್ತಾನೆ. ಮನೇಲಿ ಇರೋಳು ನಾನು, ನೋಡೋರು ನೀವಿಬ್ರಾ?"

ಮೂರು ಟಿಕೆಟ್ ತೆಗೆಸಿದೆ.

ಭಾನುವಾರ ಬೆಳಿಗ್ಗೆ ಕೆರೆ ಏರಿಯಾ ನೋಡಿದೆವು. ನಾನು ಅಲ್ಲೇ ಸೋತುಹೋದೆ. ಕೆರೆಯ ಸುತ್ತ ನಡೆಯುವ ದಾರಿ, ನೆರಳು, ಸೈಕಲ್ ಕಲಿಯುತ್ತಿದ್ದ ಮಕ್ಕಳು. ಏಜೆಂಟು ಎಲ್ಲವನ್ನೂ ಕೈ ಚಾಚಿ ತೋರಿಸುತ್ತಿದ್ದ. ಕ್ಲಿನಿಕ್ಕಾ? ಐದೇ ನಿಮಿಷ ಮೇಡಂ. ಔಷಧಿ ಅಂಗಡಿ? ಐದೇ ನಿಮಿಷ. ಸ್ಕೂಲು? ಅದೂ ಐದೇ ನಿಮಿಷ. ಅವನ ಐದು ನಿಮಿಷಗಳನ್ನು ಕೂಡಿಸಿದರೆ ಅರ್ಧ ದಿನ ಆಗುತ್ತಿತ್ತೇನೋ. ಮನೆಯೂ ಚೆನ್ನಾಗಿತ್ತು. ಆಗಷ್ಟೇ ಬಣ್ಣ ಹೊಡೆದಿದ್ದರು.

ಬಣ್ಣವನ್ನು ನಾನು ಮೆಚ್ಚಿಕೊಂಡರೆ ಅತ್ತೆ ಬಗ್ಗಿ ನೋಡುತ್ತಿದ್ದರು. ಗೋಡೆಯ ಕೆಳಗಿನ ಭಾಗ, ಮೊಣಕಾಲಿನ ಎತ್ತರದವರೆಗೆ, ಒಂದು ಚೂರು ಬೇರೆ ಬಿಳಿ. ಬಾಗಿಲ ಚೌಕಟ್ಟಿನ ಬುಡದಲ್ಲೂ ಅಷ್ಟೇ ಎತ್ತರಕ್ಕೆ ಮರ ಉಬ್ಬಿತ್ತು. ಏಜೆಂಟನ ಮುಂದೆ ಅವರು ಏನೂ ಹೇಳಲಿಲ್ಲ. ಅವನು ಹೋದ ಮೇಲೆ ಎದುರು ಮನೆಯ ಗೇಟಿನ ಹತ್ತಿರ ನಿಂತಿದ್ದ ವಯಸ್ಸಾದವರೊಬ್ಬರ ಬಳಿ ಹೋಗಿ, "ಎರಡು ನಿಮಿಷ ಕೂರಬಹುದಾ?" ಅಂತ ಕೇಳಿ ಅವರ ಕಟ್ಟೆಯ ಮೇಲೆ ಕೂತರು. ಕಾಲು ಗಂಟೆ ಬಿಟ್ಟು ಬಂದು, "ಮೂರು ವರ್ಷದ ಹಿಂದೆ ಇಲ್ಲಿ ನೀರು ಬಂದಿತ್ತಂತೆ. ಅವರ ಮನೆಗೆ ಎರಡು ಮೆಟ್ಟಿಲು ಜಾಸ್ತಿ ಇದೆ, ಅವರಿಗೆ ಬರಲಿಲ್ಲ. ಇದಕ್ಕೆ ಬಂತು" ಅಂದರು.

ರಾತ್ರಿ ರೂಮಿನಲ್ಲಿ ಆ ನಗರದ ಪ್ರವಾಹ ನಕ್ಷೆ ತೆಗೆದು ನೋಡಿದೆವು. ಕೆರೆಯ ಬದಿಯ ನಾಲ್ಕು ರಸ್ತೆಗಳಿಗೆ ನೀಲಿ ಬಣ್ಣ ಬಳಿದಿತ್ತು. ನೂರು ವರ್ಷಕ್ಕೊಮ್ಮೆ ಬರುವ ನೆರೆಯ ವ್ಯಾಪ್ತಿ ಅಂತ ಬರೆದಿತ್ತು. "ಮೂರು ವರ್ಷದ ಹಿಂದೆ ಬಂದಾಯಿತಲ್ಲ, ಇನ್ನು 97 ವರ್ಷ ಚಿಂತೆ ಇಲ್ಲ" ಅಂದೆ. ತಮಾಷೆಗೆ ಅಲ್ಲ, ಅದರ ಅರ್ಥ ಹಾಗೇ ಅಂದುಕೊಂಡಿದ್ದೆ. ಗಂಡ ನನ್ನ ಮುಖ ನೋಡಿದರು. ನೂರು ವರ್ಷಕ್ಕೊಮ್ಮೆ ಅಂದರೆ ಪ್ರತಿ ವರ್ಷವೂ ನೂರರಲ್ಲಿ ಒಂದು ಸಾಧ್ಯತೆ ಅಂತ ಅಷ್ಟೇ. ಹೋದ ವರ್ಷ ಬಂದಿತ್ತು ಅನ್ನುವುದನ್ನು ನೀರು ನೆನಪಿಟ್ಟುಕೊಳ್ಳುವುದಿಲ್ಲ. ಅಂಥ ಜಾಗದಲ್ಲಿ 30 ವರ್ಷ ಇದ್ದರೆ ಒಮ್ಮೆಯಾದರೂ ನೀರು ನುಗ್ಗುವ ಸಾಧ್ಯತೆ ಶೇಕಡಾ 26. ನಾವು ಇರೋದು ನಾಲ್ಕೈದು ವರ್ಷ, ಶೇಕಡಾ ನಾಲ್ಕೋ ಐದೋ ಆಗುತ್ತೆ. ಅದನ್ನೂ ಒಪ್ಪಬಹುದಿತ್ತು. ಅದೇ ಏರಿಯಾದಲ್ಲಿ ಎರಡು ರಸ್ತೆ ಮೇಲೆ ಹೋದರೆ ನೀಲಿಯೇ ಇರಲಿಲ್ಲ. ನನ್ನ ಶೀಟಿನಲ್ಲಿ ಇಡೀ ಏರಿಯಾಕ್ಕೆ ಒಂದೇ ಅಂಕ ಇತ್ತು. ಜನ ಬದುಕೋದು ಒಂದು ರಸ್ತೆಯಲ್ಲಿ, ಅಲ್ವಾ?

ಹಾಗಾಗಿ ಕೆರೆ ಇನ್ನೂ ಪಟ್ಟಿಯಲ್ಲಿತ್ತು. ಸೋಮವಾರ ಬೆಳಿಗ್ಗೆ ಮೇಲಿನ ರಸ್ತೆಯ ಮನೆ ನೋಡಲು ಮತ್ತೆ ಅಲ್ಲಿಗೆ ಹೋದೆವು. ಎಂಟಕ್ಕೆ ಹತ್ತು ನಿಮಿಷ ಇತ್ತು. ಭಾನುವಾರ ನೋಡಿದ ಊರು ಇದೇನಾ ಅನ್ನಿಸಿತು. ಏರಿಯಾದಿಂದ ಹೊರಗೆ ಹೋಗಲು ಇದ್ದದ್ದು ಒಂದೇ ರಸ್ತೆ, ಅದರ ಮೇಲೆ ಅಲುಗಾಡದೆ ನಿಂತ ಕಾರುಗಳು.

ಅತ್ತೆ, "ಕ್ಲಿನಿಕ್ಕಿಗೆ ನಡೆದೇ ಹೋಗೋಣ" ಅಂದರು. ಮ್ಯಾಪಿನಲ್ಲಿ 700 ಮೀಟರು, ಒಂಬತ್ತು ನಿಮಿಷ. ನಾನು ಫೋನಿನಲ್ಲಿ ಸಮಯ ಗುರುತು ಹಾಕಿಕೊಂಡೆ.

ಮೊದಲ 200 ಮೀಟರು ಸಲೀಸು. ಆಮೇಲೆ ಫುಟ್‌ಪಾತು ಒಂದು ಬೇಲಿಗೆ ತಾಗಿ ನಿಂತುಹೋಯಿತು. ರಸ್ತೆಗೆ ಇಳಿದು, ನಿಂತ ಕಾರುಗಳ ಸುತ್ತ ಹೋಗಿ, ಮತ್ತೆ ಹತ್ತಬೇಕು. ಹತ್ತುವ ಅಂಚು ಒಂದು ಗೇಣಿಗಿಂತ ಎತ್ತರ. ಅತ್ತೆ ನನ್ನ ಭುಜ ಹಿಡಿದುಕೊಂಡು ಹತ್ತಿದರು. ಆಮೇಲೆ ಮುಖ್ಯರಸ್ತೆ ಬಂತು. ಆರು ಸಾಲು, ಅಗಲ ಸುಮಾರು 24 ಮೀಟರು. ಕ್ಲಿನಿಕ್ಕು ಆಚೆ ಬದಿಗೆ ಕಾಣಿಸುತ್ತಿತ್ತು. ಸಿಗ್ನಲ್ಲಿನ ಹಸಿರು ಮನುಷ್ಯ 20 ಸೆಕೆಂಡು ಇರುತ್ತಾನೆ. ಹಲವು ಕಡೆ ಸಿಗ್ನಲ್ ಇಡುವಾಗ ನಡೆಯುವವರ ವೇಗ ಸೆಕೆಂಡಿಗೆ 1.2 ಮೀಟರು ಅಂತ ಹಿಡಿಯುತ್ತಾರೆ. ಆ ಲೆಕ್ಕಕ್ಕೆ 24 ಮೀಟರಿಗೆ 20 ಸೆಕೆಂಡು ಸರಿಯಾಗಿದೆ. ಅತ್ತೆಯ ಕಾಲಿಗೆ ಆ ಲೆಕ್ಕ ಗೊತ್ತಿಲ್ಲ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ದೀಪ ಕೆಂಪಾಯಿತು. ಒಂದು ಲಾರಿ ಹಾರ್ನ್ ಹೊಡೆಯಿತು. ನನ್ನ ಗಂಡ ಎರಡೂ ಕೈ ಎತ್ತಿ ಲಾರಿಯ ಮುಂದೆ ನಿಂತುಬಿಟ್ಟರು. ಆಚೆ ಬದಿ ತಲುಪಿದಾಗ ಅತ್ತೆ ಮಾತಾಡಲಿಲ್ಲ. ಬಸ್ ಸ್ಟಾಪಿನ ಕಂಬಕ್ಕೆ ಒರಗಿ ನಿಂತರು. ಕೂರಲು ಅಲ್ಲಿ ಏನೂ ಇರಲಿಲ್ಲ.

ಒಟ್ಟು 26 ನಿಮಿಷ.

ಕ್ಲಾರೆನ್ಸ್ ಪೆರಿ ಅನ್ನುವ ಅಮೆರಿಕನ್ ಯೋಜಕರು 1929ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಬಡಾವಣೆ ಅಂದರೆ ಪ್ರಾಥಮಿಕ ಶಾಲೆಗೆ ಮಕ್ಕಳು ನಡೆದು ಹೋಗುವಷ್ಟು ಅಗಲ ಇರಬೇಕು, ದೊಡ್ಡ ರಸ್ತೆಗಳು ಅದರ ಅಂಚಿನಲ್ಲಿ ಹಾದು ಹೋಗಬೇಕು, ನಡುವೆ ಅಲ್ಲ ಅನ್ನುವುದು ಅವರ ವಾದ. ಕೆರೆ ಏರಿಯಾದಲ್ಲಿ ಮನೆಗಳೆಲ್ಲಾ ಒಂದು ಬದಿ, ಬೇಕಾದದ್ದೆಲ್ಲಾ ಇನ್ನೊಂದು ಬದಿ, ನಡುವೆ ಆರು ಸಾಲು. ಕಾರಿನಲ್ಲಿ ಹೋಗುವವರಿಗೆ ಅದು ಗೊತ್ತೇ ಆಗಲ್ಲ. ನಿಜವಾಗಲೂ ಐದೇ ನಿಮಿಷ.

ಮಧ್ಯಾಹ್ನ ಗುಡ್ಡಕ್ಕೆ ಹೋದಾಗ ಅತ್ತೆ ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯಿಂದ ರಸ್ತೆಯನ್ನು ಮೇಲಿಂದ ಕೆಳಗೆ ನೋಡಿ, "ಹತ್ತೋದು ಬಿಡು, ಹೇಗೋ ಹತ್ತಬಹುದು. ಇಳಿಯೋದು ಯಾರು?" ಅಂದರು. ಮೊಣಕಾಲು ನೋವಿದ್ದವರಿಗೆ ಇಳಿಜಾರೇ ಹೆಚ್ಚು ಕಷ್ಟ ಅಂತ ಅವರ ಫಿಸಿಯೋಥೆರಪಿಯವರೂ ಹೇಳಿದ್ದರು. ಗಾಲಿಕುರ್ಚಿಯ ರ‍್ಯಾಂಪ್ ಹನ್ನೆರಡು ಅಡಿಗೆ ಒಂದು ಅಡಿಗಿಂತ ಜಾಸ್ತಿ ಏರಬಾರದು ಅಂತ ಹಲವು ದೇಶಗಳಲ್ಲಿ ನಿಯಮ ಇದೆ. ಆ ರಸ್ತೆ ಅದಕ್ಕಿಂತ ಕಡಿದಾಗಿತ್ತು. ಮನೆಯ ಜಾಹೀರಾತಿನಲ್ಲಿ ಅದಕ್ಕೆ ಇಟ್ಟಿದ್ದ ಹೆಸರು "ಸುಂದರ ನೋಟ". ನನ್ನ 82 ಅಂಕ ಹತ್ತು ನಿಮಿಷದಲ್ಲಿ ಮುಗಿದುಹೋಯಿತು. ಫೋನಿನಲ್ಲಿ ಸಿಗ್ನಲ್ಲೂ ಇರಲಿಲ್ಲ, ಗಂಡ ಅದನ್ನು ಎರಡು ಸಲ ಹೇಳಿದರು.

ಉಳಿದದ್ದು ರೈಲು. ಮಂಗಳವಾರ ಅಲ್ಲಿ ಇಡೀ ದಿನ ಇದ್ದೆವು. ಮೊದಲ ನೋಟಕ್ಕೆ ಏನೂ ಇಲ್ಲ. ಹಳೆ ಮನೆಗಳು, ಕಿರಿದಾದ ರಸ್ತೆಗಳು, ಸ್ಟೇಷನ್ನಿನ ಪಕ್ಕ ಒಂದಷ್ಟು ಅಂಗಡಿ. ಒಂಬತ್ತು ಗಂಟೆಗೆ ಸ್ಟೇಷನ್ನಿನ ಹತ್ತಿರ ನಿಂತು ನೋಡಿದೆ. ಅತ್ತೆಯ ವಯಸ್ಸಿನವರು ತುಂಬಾ ಜನ ಒಬ್ಬೊಬ್ಬರೇ ನಡೆದುಕೊಂಡು ಹೋಗುತ್ತಿದ್ದರು, ಕೈಯಲ್ಲಿ ಚೀಲ. ಗುಡ್ಡದಲ್ಲಿ, ಕೆರೆಯ ಮುಖ್ಯರಸ್ತೆಯಲ್ಲಿ ಆ ವಯಸ್ಸಿನವರು ಒಬ್ಬರೂ ನಡೆಯುವುದನ್ನು ನೋಡಿರಲಿಲ್ಲ. ನೋಡಿರಲಿಲ್ಲ ಅನ್ನುವುದೇ ಆಗ ಹೊಳೆಯಿತು.

ಮನೆಯಿಂದ ಕ್ಲಿನಿಕ್ಕಿಗೆ 550 ಮೀಟರು. ದೂರ ಎಷ್ಟು ಅಂತ ನಾನು ಹೇಳಲು ಹೋದರೆ ಅತ್ತೆ ತಡೆದರು. "ಅದನ್ನ ಕಟ್ಕೊಂಡು ನಾನೇನು ಮಾಡಲಿ? ಮಧ್ಯೆ ಕೂರೋಕೆ ಎಲ್ಲಿದೆ ಹೇಳು." ಸ್ಟೇಷನ್ನಿನ ತೋಟದ ಕಟ್ಟೆ, ಬಸ್ ಸ್ಟಾಪಿನ ಬೆಂಚು, ಗ್ರಂಥಾಲಯದ ಮುಂದೆ ಎರಡು ಬೆಂಚು. ಅವರು ನಾಲ್ಕರಲ್ಲೂ ಕೂತರು, ದಣಿವಿಲ್ಲದಿದ್ದರೂ. ಒಂದು ಬೆಂಚು ಬಿಸಿಲಿಗೆ ಇದೆ ಅಂತ ಆಕ್ಷೇಪಣೆ ಬಂತು. ಆವತ್ತು ರಾತ್ರಿ ಶೀಟಿನಲ್ಲಿ ಹದಿನೈದನೇ ಕಾಲಂ ಸೇರಿಸಿದೆ: ಕೂರುವ ಜಾಗ.

ಜನರನ್ನು ಮಾತಾಡಿಸುವ ವಿದ್ಯೆಯನ್ನೂ ಅವರಿಂದಲೇ ಕಲಿತೆ. "ಏರಿಯಾ ಹೇಗಿದೆ?" ಅಂತ ನಾನು ಕೇಳಿದರೆ ಎಲ್ಲರೂ "ಚೆನ್ನಾಗಿದೆ" ಅನ್ನುತ್ತಿದ್ದರು. ತಾವಿರುವ ಜಾಗವನ್ನು ಅಪರಿಚಿತರ ಮುಂದೆ ಯಾರು ಬಿಟ್ಟುಕೊಡುತ್ತಾರೆ? ಅತ್ತೆ ಕೇಳೋದೇ ಬೇರೆ. ರಾತ್ರಿ ಹುಷಾರು ತಪ್ಪಿದರೆ ಎಲ್ಲಿಗೆ ಹೋಗ್ತೀರಿ? ಹೋದ ಸಲ ಯಾರ ಗಾಡಿಯಲ್ಲಿ ಹೋದಿರಿ? ಈ ಮನೆಯಲ್ಲಿ ಮುಂಚೆ ಇದ್ದವರು ಯಾಕೆ ಬಿಟ್ಟರು? ಈ ಕೊನೆಯ ಪ್ರಶ್ನೆಗೆ ರೈಲು ಏರಿಯಾದಲ್ಲಿ ಸಿಕ್ಕ ಉತ್ತರ: "ಸದ್ದು ತಡೆಯೋಕಾಗದೆ."

ಅದಕ್ಕೇ ರಾತ್ರಿ ಹತ್ತೂವರೆಗೆ ಮತ್ತೆ ಹೋಗಿ ಮನೆಯ ಮುಂದೆ ನಿಂತೆವು. ಗೂಡ್ಸ್ ರೈಲು ಬಂತು. ಅದು ಹೋಗುವ ತನಕ ಇಬ್ಬರೂ ಮಾತಾಡಲಿಲ್ಲ, ಆಡಿದ್ದರೂ ಕೇಳುತ್ತಿರಲಿಲ್ಲ. ಫೋನಿನ ಆ್ಯಪ್ 71 ಡೆಸಿಬೆಲ್ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಕೊಟ್ಟ ಸಲಹೆಯ ಪ್ರಕಾರ ರೈಲಿನ ಸದ್ದು ರಾತ್ರಿ ಹೊತ್ತು 44 ಡೆಸಿಬೆಲ್ ಒಳಗೆ ಇರಬೇಕು. ಅದು ವರ್ಷದ ರಾತ್ರಿಗಳ ಸರಾಸರಿ, ನನ್ನದು ಅರ್ಧ ನಿಮಿಷದ್ದು, ಅದೂ ಫೋನಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಡೋದು ತಪ್ಪು. ಆದರೂ ಮನೆಯಲ್ಲೇ ಕೂತು ದಿನವಿಡೀ ಫೋನಿನಲ್ಲಿ ಮಾತಾಡಬೇಕಾದ ನನ್ನ ಗಂಡನ ಮುಖಕ್ಕೆ ಯಾವ ಡೆಸಿಬೆಲ್ಲೂ ಬೇಕಿರಲಿಲ್ಲ. ಎರಡು ರಸ್ತೆ ಹಿಂದಕ್ಕೆ ನಡೆದೆವು. ಮುಂದಿನ ಸಾಲಿನ ಕಟ್ಟಡಗಳು ಗೋಡೆಯ ಹಾಗೆ ಅಡ್ಡ ನಿಂತಿದ್ದರಿಂದ ಮುಂದಿನ ರೈಲು ದೂರದ ಗುಡುಗಿನಷ್ಟೇ ಕೇಳಿಸಿತು. ಅಲ್ಲಿ ಒಂದು ಮನೆ ಖಾಲಿ ಇತ್ತು. ಎರಡು ಮಲಗುವ ಕೋಣೆ, ಮುಚ್ಚಿದ ವರಾಂಡ, ಅದನ್ನು ಮೂರನೇ ಕೋಣೆ ಅಂತ ಕರೆದಿದ್ದರು. ಸ್ಟೇಷನ್ನಿಗೆ ಒಂಬತ್ತು ನಿಮಿಷ. ರೈಲು ಹತ್ತಿ ಇಳಿದು ಆಫೀಸಿನ ಬಾಗಿಲು ತಲುಪಲು ಐವತ್ತು. ಮಾರ್ಕೆಟ್ಟಿಯ ಒಂದು ಗಂಟೆ ನನಗೆ ಇಲ್ಲೂ ದಕ್ಕಲಿಲ್ಲ, ಆದರೆ ಸ್ಟೇರಿಂಗ್ ಇಲ್ಲ.

ಸ್ಕೂಲಿನ ವಿಷಯದಲ್ಲಿ ಜಾಸ್ತಿ ಹೇಳೋದಿಲ್ಲ, ಯಾಕಂದರೆ ನಾನು ಹೊತ್ತು ಹಾಳುಮಾಡಿದ್ದೇ ಜಾಸ್ತಿ. ಎರಡು ವಾರ ರೇಟಿಂಗ್ ನೋಡಿದೆ. ಫೋನ್ ಮಾಡಿ ಮಗಳ ತರಗತಿಗೆ ಸೀಟು ಇದೆಯಾ ಅಂತ ಕೇಳಿದ್ದು ಕೊನೆಗೆ. ಮೊದಲನೇ ಸ್ಥಾನದ ಶಾಲೆಯಲ್ಲಿ ಕಾಯುವವರ ಪಟ್ಟಿಯೇ ಎರಡು ತರಗತಿ ತುಂಬುವಷ್ಟಿತ್ತು. ರೇಟಿಂಗ್ ಅನ್ನೋದು ಶಾಲೆ ಎಷ್ಟು ಕಲಿಸುತ್ತದೆ ಅನ್ನುವುದಕ್ಕಿಂತ ಅಲ್ಲಿಗೆ ಎಂಥ ಮನೆಯ ಮಕ್ಕಳು ಬರುತ್ತಾರೆ ಅನ್ನುವುದನ್ನೇ ಹೆಚ್ಚಾಗಿ ಹೇಳುತ್ತದೆ. ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವ ಗಡಿ ಇದ್ದರೆ ಅದನ್ನೂ ಮನೆ ನಂಬರ್ ಸಮೇತ ಕೇಳಬೇಕು. ನಾವು ನೋಡಿದ ಒಂದು ರಸ್ತೆಯಲ್ಲಿ ಎಡಗಡೆಯ ಮನೆಗಳು ಒಂದು ಶಾಲೆಗೆ, ಬಲಗಡೆಯವು ಇನ್ನೊಂದಕ್ಕೆ. ಬಾಡಿಗೆ ಮಾತ್ರ ಎರಡೂ ಕಡೆ ಒಂದೇ.

ಆ ದಿನಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಂದು ಅಧ್ಯಯನ. ಅಮೆರಿಕದ ಐದು ನಗರಗಳಲ್ಲಿ 1994ರಿಂದ 1998ರವರೆಗೆ ಬಡ ಕುಟುಂಬಗಳಿಗೆ ಬೇರೆ ಬಡಾವಣೆಗೆ ಹೋಗಲು ನೆರವು ಕೊಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲಿನ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. 13 ವರ್ಷಕ್ಕಿಂತ ಮೊದಲು ಹೋದ ಮಕ್ಕಳಿಗೆ ಮುಂದೆ ಆದಾಯ ಹೆಚ್ಚಿತ್ತು, ಅದಕ್ಕಿಂತ ದೊಡ್ಡವರಿಗೆ ಲಾಭ ಆಗಿರಲಿಲ್ಲ. ನನ್ನ ಮಗಳಿಗೆ ಹನ್ನೆರಡೂವರೆ! ಎರಡು ದಿನ ಒದ್ದಾಡಿದೆ. ಆಮೇಲೆ ಸರಿಯಾಗಿ ಓದಿದೆ. ಅದು ಕಡು ಬಡತನದ ಸರ್ಕಾರಿ ವಸತಿಗಳಿಂದ ಹೊರಗೆ ಬಂದವರ ಕಥೆ. ಒಂದು ಸಾಧಾರಣ ಏರಿಯಾದಿಂದ ಇನ್ನೊಂದು ಸಾಧಾರಣ ಏರಿಯಾಕ್ಕೆ ಹೋಗುವ ನಮ್ಮಂಥವರ ಅಳತೆ ಅದಲ್ಲ.

ಆ ಸಂಶೋಧನೆಯನ್ನು ಎರಡು ಸಲ ಓದಿದವಳು ಮಗಳನ್ನು ಒಂದು ಸಲವೂ ಕೇಳಲಿಲ್ಲ. ಇದು ನಾನು ಮಾಡಿದ ದೊಡ್ಡ ತಪ್ಪು. ಫೋಟೋ ತೋರಿಸಿದೆ, ಹೆಸರಿಡಲು ಬಿಟ್ಟೆ, ಅಷ್ಟೇ. ಮನೆ ಒಂದು ವರ್ಷದ ಕರಾರಿಗೆ ಹಿಡಿದು, ಸಾಮಾನು ಇಳಿಸಿ, ಮೂರನೇ ದಿನ ಅವಳು ಕೇಳಿದಳು: "ಅಮ್ಮಾ, ಇಲ್ಲಿ ನಾನು ಎಲ್ಲಿಗೆ ಹೋಗಲಿ?" ಏರಿಯಾದಲ್ಲಿ ಮೂರು ಪಾರ್ಕು ಇವೆ ಅಂತ ನನ್ನ ಶೀಟಿನಲ್ಲಿತ್ತು. ಮೂರರಲ್ಲೂ ಉಯ್ಯಾಲೆ, ಜಾರುಬಂಡಿ. ನಾಲ್ಕು ವರ್ಷದ ತಮ್ಮನಿಗೆ ಸ್ವರ್ಗ. ಹನ್ನೆರಡು ವರ್ಷದವಳು ಉಯ್ಯಾಲೆಯ ಮೇಲೆ ಕೂತರೆ ಚಿಕ್ಕ ಮಕ್ಕಳ ಅಮ್ಮಂದಿರು ಗುರಾಯಿಸುತ್ತಾರೆ. ಮೊದಲ ನಾಲ್ಕು ತಿಂಗಳು ಅವಳು ಶಾಲೆಯಿಂದ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ವರಾಂಡದ ಕೋಣೆ ಅವಳದ್ದು, ಬಾಗಿಲಿಗೆ ಚಿಲಕವೂ ಸರಿ ಇರಲಿಲ್ಲ. ಕಪಾಟು ಒತ್ತಿ ಮುಚ್ಚಿಕೊಳ್ಳುತ್ತಿದ್ದಳು. ಅಪ್ಪ ಅಮ್ಮನ ಜೊತೆ ಬೇರೆ ಮಾತು ಇಲ್ಲ, ಹಳೇ ಗೆಳತಿಯರ ಜೊತೆ ಫೋನು.

ಐದನೇ ತಿಂಗಳಲ್ಲಿ ಸಹಪಾಠಿಯೊಬ್ಬಳು ಬ್ಯಾಡ್ಮಿಂಟನ್‌ಗೆ ಕರೆದಳು. ಕೋರ್ಟ್ ಇರೋದು ಎರಡು ಸ್ಟೇಷನ್ ಆಚೆ. ನಾನು ಆಫೀಸಿನಲ್ಲಿ, ಇವರು ಕಾಲ್‌ನಲ್ಲಿ. ಮೊದಲ ಸಲ ಅಜ್ಜಿಯೇ ರೈಲಿನಲ್ಲಿ ಜೊತೆಗೆ ಹೋಗಿ ಕೋರ್ಟಿನ ಹೊರಗೆ ಕೂತು ಬಂದರು. ಎರಡನೇ ಸಲವೂ. ಮೂರನೇ ಸಲ ಮಗಳು "ಅಜ್ಜಿ, ನೀವು ಬರೋದು ಬೇಡ" ಅಂದಳಂತೆ. ಸಂಜೆ ಅತ್ತೆ ನನಗೆ ಇದನ್ನು ಹೇಳುವಾಗ ಸ್ವಲ್ಪ ಬೇಜಾರಿನಲ್ಲೇ ಇದ್ದರು. ಗುಡ್ಡದಲ್ಲೋ ಕೆರೆಯಲ್ಲೋ ಇದ್ದಿದ್ದರೆ ಅವಳನ್ನು ಕರೆದುಕೊಂಡು ಹೋಗಲು ನಾನು ಆಫೀಸಿನಿಂದ ಬರುವ ತನಕ ಕಾಯಬೇಕಿತ್ತು. ಇದನ್ನು ಮುಂಚೆಯೇ ಯೋಚಿಸಿ ಏರಿಯಾ ಆರಿಸಿದೆ ಅಂತ ಹೇಳಿಕೊಳ್ಳಲು ಆಸೆ ಇದೆ. ಸುಳ್ಳಾಗುತ್ತೆ.

ಮನೆ ಈಗಲೂ ಇಕ್ಕಟ್ಟು. ಬಾತ್‌ರೂಮಿಗೆ ಬೆಳಿಗ್ಗೆ ಸಾಲು ನಿಲ್ಲಬೇಕು. ಗಾಳಿ ಒಂದು ದಿಕ್ಕಿನಿಂದ ಬೀಸಿದರೆ ಗೂಡ್ಸ್ ರೈಲು ಮಗನ ನಿದ್ದೆ ಕೆಡಿಸುತ್ತದೆ. ಕೆರೆಯ ಸುತ್ತಿನ ಆ ನಡೆಯುವ ದಾರಿ ನೆನಪಾದರೆ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ, ರಜೆ ದಿನ ಅಲ್ಲಿಗೆ ಹೋಗಿ ನಡೆದು ಬರುತ್ತೇವೆ.

ಮೊನ್ನೆ ಮನೆ ಮಾಲೀಕರು ಫೋನ್ ಮಾಡಿ, ಕರಾರು ಮುಗಿದ ಮೇಲೆ ಮನೆ ತಮಗೇ ಬೇಕು ಅಂದರು. ಮತ್ತೆ ಹುಡುಕಾಟ. ನಾನು ಹಳೇ ಶೀಟ್ ತೆರೆದೆ. ಮಗಳು ಪಕ್ಕದಲ್ಲಿ ಕೂತು, ಯಾರನ್ನೂ ಕೇಳದೆ, ಹದಿನಾರನೇ ಕಾಲಂ ಸೇರಿಸಿದಳು: ಬಾಗಿಲಿಗೆ ಚಿಲಕ. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಸ್ಕ್ರೀನ್ ನೋಡಿದರು.

"ಸ್ಟೇಷನ್ನಿನ ಆಚೆ ಬದಿ ಎರಡು ಮನೆ ಖಾಲಿ ಇದೆ, ಬರ್ಕೋ. ಒಂದಕ್ಕೆ ಮೆಟ್ಟಿಲು ಜಾಸ್ತಿ, ಅದು ಬೇಡ. ಇನ್ನೊಂದರ ದಾರೀಲಿ ಮೂರು ಬೆಂಚಿದೆ. ಮೂರೂ ನೆರಳಲ್ಲೇ ಇದೆ."

"ಯಾವಾಗ ನೋಡಿದ್ರಿ ಅತ್ತೆ?"

"ನೀನು ಆಫೀಸಿಗೆ ಹೋಗಿದ್ಯಲ್ಲ, ಆವಾಗ."